ಅಧಿಸೂಚನೆಗೂ ಮೊದಲೇ ಕಾಗದ ರೆಡಿ ಇರಲಿ: ಕಲಬುರಗಿ, ಬೀದರ್, ಯಾದಗಿರಿ ಅಭ್ಯರ್ಥಿಗಳಿಗೆ ಮೀಸಲಾತಿ ಪ್ರಮಾಣಪತ್ರಗಳ ಸಮಗ್ರ ಮಾರ್ಗದರ್ಶಿ

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿರುತ್ತದೆ. ಕಟ್‌ಆಫ್ ದಾಟಿರುತ್ತದೆ. ದಾಖಲಾತಿ ಪರಿಶೀಲನೆಗೆ ಕರೆಯೂ ಬರುತ್ತದೆ. ಅಲ್ಲಿ ಟೇಬಲ್ ಆಚೆ ಕೂತವರು ಜಾತಿ ಪ್ರಮಾಣಪತ್ರ ಕೈಗೆ ತಗೊಂಡು ಮೊದಲು ನೋಡುವುದು ಜಾತಿಯ ಹೆಸರನ್ನಲ್ಲ, ಕೆಳಗಿರುವ ದಿನಾಂಕವನ್ನು. ಅರ್ಜಿಯ ಕೊನೆಯ ದಿನ ಮುಗಿದ ಮೇಲೆ ಪಡೆದ ಪ್ರಮಾಣಪತ್ರ ಅದಾಗಿದ್ದರೆ ಮೀಸಲಾತಿ ಅಲ್ಲಿಗೇ ಮುಗಿಯಿತು. ವರ್ಷಗಟ್ಟಲೆ ಓದಿದ್ದು ಒಂದು ತಾರೀಖಿನಿಂದ ಹೋಗುತ್ತದೆ.

ನಮ್ಮ ಕಡೆ ಓದುವುದಕ್ಕೆ ಕೊಡುವ ಗಮನದಲ್ಲಿ ಕಾಲು ಭಾಗವನ್ನೂ ಕಾಗದ-ಪತ್ರಕ್ಕೆ ಕೊಡುವುದಿಲ್ಲ. ನೇಮಕಾತಿ ಅಧಿಸೂಚನೆ ಬರಲಿ, ಆಮೇಲೆ ನಾಡಕಚೇರಿಗೆ ಹೋದರಾಯಿತು ಅನ್ನುವುದೇ ರೂಢಿ. ಈ ರೂಢಿ ಬಿಡಬೇಕು. ಪ್ರಮಾಣಪತ್ರ ಮೊದಲು, ಅಧಿಸೂಚನೆ ಆಮೇಲೆ. ಯಾವ ಪ್ರಮಾಣಪತ್ರ ಕೈಗೆ ಬಂದರೂ ಮೂರು ಸಂಗತಿ ನೋಡಿ: ಯಾವ ನಮೂನೆಯಲ್ಲಿದೆ, ಯಾವ ದಿನಾಂಕದ್ದು, ಯಾರ ಸಹಿ ಇದೆ. ನಾನು ನೋಡಿದ ಮಟ್ಟಿಗೆ ಬಹುಪಾಲು ತಿರಸ್ಕಾರ ಈ ಮೂರರಲ್ಲಿ ಒಂದು ತಪ್ಪಿದ್ದರಿಂದಲೇ ಆಗುತ್ತದೆ.

ಹಂತ 1: ಮನೆಯಲ್ಲಿರುವ ಕಾಗದಗಳನ್ನು ಒಂದೇ ಕಡೆ ಹರಡಿ

ಕಚೇರಿಗೆ ಹೋಗುವ ಮುಂಚೆ ಒಂದು ಸಂಜೆ ಇದಕ್ಕೆ ಕೊಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಶಾಲೆಯ ವರ್ಗಾವಣೆ ಪತ್ರ, ಆಧಾರ್, ರೇಷನ್ ಕಾರ್ಡ್, ಹಳೆಯ ಜಾತಿ ಪ್ರಮಾಣಪತ್ರ, ಅಪ್ಪನ ಶಾಲಾ ದಾಖಲೆ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ.

ನಮ್ಮ ಭಾಗದಲ್ಲಿ ಹೆಸರಿನ ಗೊಂದಲ ಜಾಸ್ತಿ. ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಶರಣಬಸಪ್ಪ. ಆಧಾರ್‌ನಲ್ಲಿ ಶರಣಪ್ಪ. ರೇಷನ್ ಕಾರ್ಡಿನಲ್ಲಿ ಶರಣಬಸವ. ಊರಿನಲ್ಲಿ ಮೂವರೂ ಒಬ್ಬರೇ ಎಂದು ಎಲ್ಲರಿಗೂ ಗೊತ್ತು, ಆದರೆ ಬೆಂಗಳೂರಿನಲ್ಲಿ ಕೂತು ದಾಖಲೆ ನೋಡುವವರಿಗೆ ಅವರು ಮೂರು ಜನ. ಬೀದರ್ ಕಡೆ ಮರಾಠಿ ರೀತಿಯ ಅಡ್ಡಹೆಸರು ಒಂದು ಕಾಗದದಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಇನಿಷಿಯಲ್ ಹೆಸರಿನ ಮುಂದೆ ಒಂದು ಕಡೆ, ಹಿಂದೆ ಇನ್ನೊಂದು ಕಡೆ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರನ್ನೇ ಮೂಲ ಎಂದು ಇಟ್ಟುಕೊಳ್ಳಿ. ಉಳಿದ ಕಾಗದಗಳನ್ನು ಅದಕ್ಕೆ ಹೊಂದಿಸಿ. ಅಫಿಡವಿಟ್ ಕೊಟ್ಟರೆ ಸಾಕು ಎಂದು ಹೇಳುವವರು ಸಿಗುತ್ತಾರೆ, ಕೆಲವು ಕಡೆ ಅದು ನಡೆಯಲೂಬಹುದು. ಆದರೆ ಪ್ರಮಾಣಪತ್ರವನ್ನೇ ಸರಿ ಹೆಸರಿನಲ್ಲಿ ಹೊಸದಾಗಿ ಪಡೆಯುವುದು ಯಾವತ್ತೂ ಗಟ್ಟಿ ದಾರಿ.

ಹಂತ 2: ಜಾತಿ ಪ್ರಮಾಣಪತ್ರ, ಸರಿಯಾದ ನಮೂನೆಯಲ್ಲಿ

ರಾಜ್ಯ ಸರ್ಕಾರದ ಹುದ್ದೆಗಳಿಗೆ ಮೂರು ನಮೂನೆಗಳಿವೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮೂನೆ-ಡಿ. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ-1ಕ್ಕೆ ನಮೂನೆ-ಇ. 2ಎ, 2ಬಿ, 3ಎ, 3ಬಿ ಪ್ರವರ್ಗಗಳಿಗೆ ನಮೂನೆ-ಎಫ್. ಮೂರಕ್ಕೂ ತಹಶೀಲ್ದಾರರೇ ಸಹಿ ಮಾಡುವವರು.

ಅರ್ಜಿಯನ್ನು ನಿಮ್ಮ ಹೋಬಳಿಯ ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ ಕೊಡಿ. ಗ್ರಾಮ ಒನ್ ಕೇಂದ್ರದಲ್ಲಿ ಅಥವಾ ಆನ್‌ಲೈನ್‌ನಲ್ಲೂ ಹಾಕಬಹುದು. ಅರ್ಜಿ ಗ್ರಾಮ ಆಡಳಿತ ಅಧಿಕಾರಿಗೆ ಹೋಗುತ್ತದೆ, ಅಲ್ಲಿಂದ ಕಂದಾಯ ನಿರೀಕ್ಷಕರಿಗೆ, ಕೊನೆಗೆ ತಹಶೀಲ್ದಾರರಿಗೆ. ಅರ್ಜಿ ಹಾಕಿದ ದಿನವೇ ಸಕಾಲ (ಸರ್ಕಾರಿ ಸೇವೆಗೆ ಗಡುವು ಹಾಕುವ ಕಾಯ್ದೆ) ಸ್ವೀಕೃತಿ ಕೇಳಿ ತಗೊಳ್ಳಿ. ಅದರಲ್ಲಿ ನಿಮ್ಮ ಅರ್ಜಿಯ ಸಂಖ್ಯೆಯೂ ಎಷ್ಟರೊಳಗೆ ಕೊಡಬೇಕು ಎಂಬುದೂ ಇರುತ್ತದೆ. ಆ ಚೀಟಿ ಕೈಯಲ್ಲಿದ್ದರೆ "ಮುಂದಿನ ವಾರ ಬಾ" ಅನ್ನುವ ಮಾತಿಗೆ ಉತ್ತರ ಕೊಡಬಹುದು. ಗಡುವು ಮೀರಿದರೆ ಸಕಾಲದಡಿ ಮೇಲ್ಮನವಿ ಹಾಕುವ ಹಕ್ಕು ನಿಮಗಿದೆ.

ಮೇ-ಜೂನ್‌ನಲ್ಲಿ ಶಾಲೆ-ಕಾಲೇಜು ಪ್ರವೇಶದ ಗದ್ದಲ ಇರುತ್ತದೆ, ಆಗ ನಾಡಕಚೇರಿಯಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ. ನೌಕರಿಗೆ ಓದುತ್ತಿರುವವರು ಆ ಎರಡು ತಿಂಗಳು ಬಿಟ್ಟು ಬೇರೆ ಯಾವಾಗಲಾದರೂ ಹೋಗುವುದು ಒಳ್ಳೆಯದು.

ಪ್ರಮಾಣಪತ್ರ ಬಂದ ಮೇಲೆ ಫೈಲಿಗೆ ಸೇರಿಸುವ ಮುಂಚೆ ಒಮ್ಮೆ ನಿಧಾನವಾಗಿ ಓದಿ. ಮೇಲೆ ಆರ್‌ಡಿ ಇಂದ ಶುರುವಾಗುವ ಸಂಖ್ಯೆ ಇರುತ್ತದೆ. ನೇಮಕಾತಿಯ ಆನ್‌ಲೈನ್ ಅರ್ಜಿಯಲ್ಲಿ ಕೇಳುವುದು ಇದನ್ನೇ. ಒಂದು ಅಂಕಿ ತಪ್ಪಿದರೂ ಬೇರೆಯವರ ವಿವರ ಬರುತ್ತದೆ, ಇಲ್ಲ ಏನೂ ಬರುವುದಿಲ್ಲ. ಆಮೇಲೆ ನಿಮ್ಮ ಹೆಸರು, ಅಪ್ಪನ ಹೆಸರು, ಊರು. ಆಮೇಲೆ ಜಾತಿಯ ಹೆಸರು ಮತ್ತು ಪ್ರವರ್ಗ. ಕೆಳಗೆ ಕೊಟ್ಟ ದಿನಾಂಕ ಮತ್ತು ಎಲ್ಲಿಯವರೆಗೆ ಚಾಲ್ತಿ ಎಂಬ ಸಾಲು. ಅಕ್ಷರ ತಪ್ಪಿದ್ದರೆ ಅವತ್ತೇ ತಿದ್ದುಪಡಿಗೆ ಕೊಡಿ.

ಚಾಲ್ತಿಯ ವಿಷಯದಲ್ಲಿ ಜನ ಎಡವುವುದು ನಮೂನೆ-ಎಫ್‌ನಲ್ಲಿ. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರ ಪ್ರಮಾಣಪತ್ರಕ್ಕೆ ಅವಧಿಯ ಮಿತಿ ಇಲ್ಲ. ಆದರೆ 2ಎ, 2ಬಿ, 3ಎ, 3ಬಿಯಲ್ಲಿ ಜಾತಿಯ ಜೊತೆಗೆ ಆದಾಯವೂ ಸೇರಿದೆ, ಹಾಗಾಗಿ ಅದು 5 ವರ್ಷ ಮಾತ್ರ ನಡೆಯುತ್ತದೆ. ಪಿಯುಸಿ ಸೇರುವಾಗ ಮಾಡಿಸಿದ್ದು ಡಿಗ್ರಿ ಮುಗಿಯುವ ಹೊತ್ತಿಗೆ ಸತ್ತಿರುತ್ತದೆ. ಕೈಯಲ್ಲಿ ಕಾಗದ ಇದೆ ಅಲ್ವಾ ಎಂದು ನಂಬಿ ಕೂತವರು ಅರ್ಜಿಯ ಕೊನೆಯ ದಿನ ತಾರೀಖು ನೋಡಿ ಗಾಬರಿಯಾಗುತ್ತಾರೆ. ಅವಧಿ ಮುಗಿಯಲು 6 ತಿಂಗಳು ಇರುವಾಗಲೇ ಹೊಸದು ಮಾಡಿಸಿ. ಹಳೆಯದನ್ನು ಎಸೆಯಬೇಡಿ. ಹಿಂದೆ ಅರ್ಜಿ ಹಾಕಿದ ನೇಮಕಾತಿ ಇನ್ನೂ ನಡೆಯುತ್ತಿದ್ದರೆ ಅದರ ಕೊನೆಯ ದಿನಕ್ಕೆ ಚಾಲ್ತಿಯಲ್ಲಿದ್ದ ಪ್ರಮಾಣಪತ್ರವೇ ಅಲ್ಲಿ ಬೇಕು.

ಈ ನಾಲ್ಕು ಪ್ರವರ್ಗಗಳಿಗೆ ಆದಾಯದ ಮಿತಿ ವರ್ಷಕ್ಕೆ 8 ಲಕ್ಷ ರೂಪಾಯಿ. ಆದಾಯ ಅಷ್ಟೇ ಅಲ್ಲ, ಅಪ್ಪ-ಅಮ್ಮನ ಹುದ್ದೆಯ ದರ್ಜೆಯೂ ಮೇಲ್‌ಸ್ತರದ (ಕ್ರೀಮಿ ಲೇಯರ್, ಅಂದರೆ ಮೀಸಲಾತಿಯಿಂದ ಹೊರಗಿಡುವ ಸ್ಥಿತಿವಂತರ) ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಆ ನಿಯಮ ಓದಿಯೇ ಮುಂದುವರಿಯಿರಿ.

ಜಾತಿಯ ಹೆಸರಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಚಿಂಚೋಳಿ, ಕಮಲಾಪುರ ಕಡೆಯ ತಾಂಡಾಗಳಲ್ಲಿ ಅಪ್ಪನ ದಾಖಲೆಯಲ್ಲಿ ಲಮಾಣಿ, ಮಗನದರಲ್ಲಿ ಬಂಜಾರ ಎಂದಿರುವುದು ಸಾಮಾನ್ಯ. ಎರಡೂ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಒಂದೇ ನಮೂದಿನಲ್ಲಿರುವ ಹೆಸರುಗಳು, ಹೆದರಬೇಕಿಲ್ಲ. ಆದರೆ ತಳವಾರ, ಪರಿವಾರದವರ ವಿಷಯ ಹಾಗಲ್ಲ. 2020ರ ಕಾನೂನಿನಿಂದ ಈ ಹೆಸರುಗಳು ನಾಯಕ ಜಾತಿಯ ಪರ್ಯಾಯ ಹೆಸರುಗಳಾಗಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಅದಕ್ಕಿಂತ ಹಿಂದಿನ ಶಾಲಾ ದಾಖಲೆಗಳಲ್ಲಿ ಬೇರೆ ಜಾತಿಯ ಹೆಸರಿದ್ದರೆ ಪರಿಶೀಲನೆ ಬಿಗಿಯಾಗಿಯೇ ಇರುತ್ತದೆ. ಇಂಥವರು ಅಪ್ಪ, ಅಜ್ಜನ ದಾಖಲೆಗಳನ್ನು ಮುಂಚೆಯೇ ಕೂಡಿಸಿಡಬೇಕು.

ಪರಿಶಿಷ್ಟ ಜಾತಿಯವರು ಇನ್ನೊಂದನ್ನು ಗಮನಿಸಬೇಕು. 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಪರಿಶಿಷ್ಟ ಜಾತಿಯ ಶೇ. 17 ಮೀಸಲಾತಿಯನ್ನು ಶೇ. 6, 6 ಮತ್ತು 5 ಎಂದು ಮೂರು ಗುಂಪುಗಳಿಗೆ ಹಂಚುವ ತೀರ್ಮಾನ ಮಾಡಿತು. ಒಳಮೀಸಲಾತಿ ಅನ್ವಯಿಸುವ ನೇಮಕಾತಿಯಲ್ಲಿ ಬರೀ ಪರಿಶಿಷ್ಟ ಜಾತಿ ಎಂದರೆ ಸಾಲುವುದಿಲ್ಲ. ನಿಮ್ಮ ಮೂಲ ಜಾತಿಯ ಹೆಸರು ಕಾಗದದಲ್ಲಿ ಸ್ಪಷ್ಟವಾಗಿರಬೇಕು.

ಗಡಿ ಭಾಗದ ಹೆಣ್ಣುಮಕ್ಕಳಿಗೆ ಒಂದು ಮಾತು. ಸೊಲ್ಲಾಪುರ, ಉದಗೀರ, ಜಹೀರಾಬಾದ್, ತಾಂಡೂರಿನಿಂದ ಮದುವೆಯಾಗಿ ಈ ಕಡೆ ಬಂದವರು ಬಹಳ ಜನ. ಜಾತಿ ಪ್ರಮಾಣಪತ್ರ ಅಪ್ಪನ ಜಾತಿಯ ಮೇಲೆ ಬರುತ್ತದೆ, ಗಂಡನದರ ಮೇಲೆ ಅಲ್ಲ. ತವರು ಬೇರೆ ರಾಜ್ಯದ್ದಾಗಿದ್ದರೆ ಅಲ್ಲಿನ ಪರಿಶಿಷ್ಟ ಜಾತಿಯ ಸೌಲಭ್ಯ ಕರ್ನಾಟಕ ಸರ್ಕಾರದ ನೌಕರಿಗೆ ಸಿಗುವುದಿಲ್ಲ. ಕೇಳಲು ಕಷ್ಟದ ಮಾತು, ಆದರೆ ಅರ್ಜಿ ಹಾಕುವ ಮೊದಲೇ ಗೊತ್ತಿರಬೇಕು.

ಹಂತ 3: 371ಜೆ ಅರ್ಹತಾ ಪ್ರಮಾಣಪತ್ರ

ನಮಗೆ ಸಿಕ್ಕಿರುವ ದೊಡ್ಡ ಬಲ ಇದು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿ ಮತ್ತು ಅದರಡಿ 2013ರಲ್ಲಿ ಹೊರಟ ಆದೇಶದ ಪ್ರಕಾರ ಈ ಭಾಗದ ಸ್ಥಳೀಯ ವೃಂದದಲ್ಲಿ (ಇಲ್ಲಿನ ಕಚೇರಿಗಳ ಹುದ್ದೆಗಳ ಗುಂಪಿನಲ್ಲಿ) ಗ್ರೂಪ್ ಎ ಮತ್ತು ಬಿ ಹುದ್ದೆಗಳ ಶೇ. 75, ಗ್ರೂಪ್ ಸಿಯಲ್ಲಿ ಶೇ. 80, ಗ್ರೂಪ್ ಡಿಯಲ್ಲಿ ಶೇ. 85 ಸ್ಥಳೀಯರಿಗೆ. ರಾಜ್ಯ ಮಟ್ಟದ ಕಚೇರಿಗಳಲ್ಲಿ ಶೇ. 8. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಗಳು ಇದರಲ್ಲಿವೆ. 2019ರಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರೂ ಅಧಿಸೂಚನೆಗಳಲ್ಲಿ ಹೈದರಾಬಾದ್ ಕರ್ನಾಟಕ, ಹೈ.ಕ. ಎಂದು ಕಾಣುವುದುಂಟು.

ಇದು ಜಾತಿಗೆ ಸಂಬಂಧಪಟ್ಟದ್ದಲ್ಲ. ಸಾಮಾನ್ಯ ವರ್ಗದವರಿಗೂ ಉಂಟು. ಜಾತಿ ಮೀಸಲಾತಿ ಇದರ ಒಳಗೇ ಲೆಕ್ಕವಾಗುತ್ತದೆ. ಅಂದರೆ ಕಲಬುರಗಿಯ 2ಎ ಅಭ್ಯರ್ಥಿಗೆ ನಮೂನೆ-ಎಫ್ ಕೂಡ ಬೇಕು, 371ಜೆ ಪ್ರಮಾಣಪತ್ರವೂ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಅರ್ಧ ಹಕ್ಕು ಬಿಟ್ಟುಕೊಟ್ಟ ಹಾಗೆ.

ಸಹಿಯ ವಿಷಯದಲ್ಲಿ ಇಲ್ಲಿ ಎಚ್ಚರ. ಇದನ್ನು ಕೊಡುವವರು ತಹಶೀಲ್ದಾರರಲ್ಲ, ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರು. ನಮೂನೆಯ ಹೆಸರು ಅನುಬಂಧ-ಎ. ಕಲಬುರಗಿ ಜಿಲ್ಲೆಯಲ್ಲಿ ಕಲಬುರಗಿ ಮತ್ತು ಸೇಡಂ, ಬೀದರಿನಲ್ಲಿ ಬೀದರ್ ಮತ್ತು ಬಸವಕಲ್ಯಾಣ ಉಪವಿಭಾಗಗಳಿವೆ. ಯಾದಗಿರಿ ಜಿಲ್ಲೆಗೆ ಯಾದಗಿರಿ ಒಂದೇ. ನಿಮ್ಮ ತಾಲ್ಲೂಕು ಯಾವ ಉಪವಿಭಾಗಕ್ಕೆ ಸೇರುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಚಿಂಚೋಳಿಯವರು ಸೇಡಂ ಕಡೆ ನೋಡಬೇಕಾದಲ್ಲಿ ಸುಮ್ನೆ ಕಲಬುರಗಿಗೆ ಬಸ್ ಹತ್ತಿ ಒಂದು ದಿನ ಕಳೆಯುವುದು ಬೇಡ.

ಸ್ಥಳೀಯ ವ್ಯಕ್ತಿ ಎಂದು ತೋರಿಸಲು ಮುಖ್ಯ ದಾರಿಗಳು ಎರಡು. ಈ ಪ್ರದೇಶದಲ್ಲಿ ಹುಟ್ಟಿರಬೇಕು, ಇಲ್ಲವೇ 2013ರ ಜನವರಿ 1ಕ್ಕಿಂತ ಹಿಂದೆ ಕನಿಷ್ಠ 10 ವರ್ಷ ಇಲ್ಲಿ ನೆಲೆಸಿರಬೇಕು. ಅಪ್ಪ-ಅಮ್ಮನ ಮೂಲಕವೂ ಈ ಹಕ್ಕು ಬರುತ್ತದೆ. ನಮ್ಮ ಹಳ್ಳಿಗಳಿಂದ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರು ಲೆಕ್ಕವಿಲ್ಲ. ಅಲ್ಲೇ ಹುಟ್ಟಿ ಅಲ್ಲೇ ನಾಲ್ಕಾರು ವರ್ಷ ಓದಿ ಊರಿಗೆ ಬಂದ ಮಕ್ಕಳಿದ್ದಾರೆ. ತಮಗೆ 371ಜೆ ಸಿಗುವುದಿಲ್ಲ ಎಂದು ಇವರು ತಾವಾಗಿಯೇ ಕೈಚೆಲ್ಲುತ್ತಾರೆ. ಹಾಗೆ ಮಾಡಬೇಡಿ. ಅಪ್ಪನೋ ಅಮ್ಮನೋ ಹುಟ್ಟಿದ, ಶಾಲೆ ಕಲಿತ, ಜಮೀನು ಹೊಂದಿದ ದಾಖಲೆ ಹುಡುಕಿ ಅರ್ಜಿ ಹಾಕಿ.

ಜೊತೆಗಿಡುವ ಕಾಗದಗಳು: ಜನನ ದಾಖಲೆ ಅಥವಾ ಶಾಲೆಯ ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರಗಳು, ರೇಷನ್ ಕಾರ್ಡ್, ಆಧಾರ್, ಅಪ್ಪ-ಅಮ್ಮನ ವಾಸದ ದಾಖಲೆ. ಅರ್ಜಿ ಕೆಳಗಿನ ಹಂತದ ಪರಿಶೀಲನೆ ಮುಗಿಸಿ ಸಹಾಯಕ ಆಯುಕ್ತರ ಮೇಜಿಗೆ ಹೋಗಬೇಕಾದ್ದರಿಂದ ಜಾತಿ ಪ್ರಮಾಣಪತ್ರಕ್ಕಿಂತ ಹೆಚ್ಚು ಸಮಯ ಇಟ್ಟುಕೊಳ್ಳಿ. ಎಲ್ಲ ಪ್ರಮಾಣಪತ್ರಗಳಲ್ಲಿ ಮೊದಲು ಮಾಡಿಸಬೇಕಾದ್ದು ಯಾವುದು ಎಂದು ಕೇಳಿದರೆ ಇದೇ ಎನ್ನುತ್ತೇನೆ. ಒಮ್ಮೆ ಕೈಗೆ ಬಂದರೆ ಈ ಭಾಗದ ಪ್ರತಿ ನೇಮಕಾತಿಯಲ್ಲೂ ಕೆಲಸಕ್ಕೆ ಬರುತ್ತದೆ.

ಹಂತ 4: ಗ್ರಾಮೀಣ, ಕನ್ನಡ ಮಾಧ್ಯಮ, ಯೋಜನಾ ನಿರಾಶ್ರಿತ

ಜಾತಿ ಮೀಸಲಾತಿಯ ಒಳಗೆ ಮತ್ತೆ ಅಡ್ಡ ಮೀಸಲಾತಿಗಳಿವೆ, ಅಂದರೆ ಸಾಮಾನ್ಯ ವರ್ಗವೂ ಸೇರಿ ಪ್ರತಿ ವರ್ಗದ ಪಾಲಿನೊಳಗೇ ಇಂಥವರಿಗೆ ಎಂದು ಇಡುವ ಜಾಗ. ಮಹಿಳೆಯರಿಗೆ ಶೇ. 33, ಇದಕ್ಕೆ ಬೇರೆ ಪ್ರಮಾಣಪತ್ರ ಬೇಡ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25. ಮಾಜಿ ಸೈನಿಕರಿಗೆ ಶೇ. 10. ಕನ್ನಡ ಮಾಧ್ಯಮದವರಿಗೆ ಶೇ. 5, ಯೋಜನಾ ನಿರಾಶ್ರಿತರಿಗೆ ಶೇ. 5. ತೃತೀಯ ಲಿಂಗಿಗಳಿಗೆ 2021ರಿಂದ ಶೇ. 1. ಅಂಗವಿಕಲರಿಗೂ ಪ್ರತ್ಯೇಕ ಮೀಸಲಾತಿ ಇದೆ, ಅದಕ್ಕೆ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬೇಕು.

ಗ್ರಾಮೀಣ ಮೀಸಲಾತಿಯನ್ನು ಜನ ತಪ್ಪಾಗಿ ತಿಳಿದಿದ್ದಾರೆ. ಹಳ್ಳಿಯಲ್ಲಿ ಮನೆ ಇದ್ದರೆ ಸಾಕು ಎಂದುಕೊಳ್ಳುತ್ತಾರೆ. ಅದಲ್ಲ. 1ರಿಂದ 10ನೇ ತರಗತಿಯವರೆಗೆ ಎಲ್ಲ ವರ್ಷವೂ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿ ಪಾಸಾಗಿರಬೇಕು. 7ರವರೆಗೆ ಊರಲ್ಲಿ ಓದಿ 8ಕ್ಕೆ ಕಲಬುರಗಿ ನಗರದ ಹೈಸ್ಕೂಲು ಸೇರಿದವರಿಗೆ ಇದು ಸಿಗುವುದಿಲ್ಲ. ಪಟ್ಟಣ ಪಂಚಾಯಿತಿ, ಪುರಸಭೆ ವ್ಯಾಪ್ತಿಯ ಶಾಲೆಯೂ ಗ್ರಾಮೀಣ ಅಲ್ಲ.

ಪ್ರಮಾಣಪತ್ರ ನಮೂನೆ-2ರಲ್ಲಿ ಇರಬೇಕು. ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು, ಅಂದರೆ ದೃಢೀಕರಣದ ಸಹಿ. ಆ ಮೇಲುರುಜು ಇಲ್ಲದೆ ಬಂದ ಎಷ್ಟೋ ಪ್ರಮಾಣಪತ್ರಗಳು ಪರಿಶೀಲನೆಯ ಟೇಬಲ್ಲಿನಲ್ಲಿ ಬೀಳುತ್ತವೆ. ಪ್ರಾಥಮಿಕ ಶಾಲೆ ಒಂದು, ಹೈಸ್ಕೂಲು ಇನ್ನೊಂದು ಆಗಿದ್ದರೆ ಎರಡೂ ಕಡೆಯಿಂದ ಬೇಕು. ಎರಡು ಶಾಲೆ ಬೇರೆ ಬೇರೆ ತಾಲ್ಲೂಕಿನಲ್ಲಿದ್ದರೆ ಎರಡೂ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಮುಖ್ಯ ಶಿಕ್ಷಕರು ಸಿಗುವುದು ಕಷ್ಟ, ಶಾಲೆ ನಡೆಯುವಾಗಲೇ ಮುಗಿಸಿ. ಸಾಮಾನ್ಯ ವರ್ಗದ ಗ್ರಾಮೀಣ ಅಭ್ಯರ್ಥಿಗಳಿಗೆ ಇದರ ಜೊತೆ ಮೇಲ್‌ಸ್ತರಕ್ಕೆ ಸೇರಿಲ್ಲ ಎಂಬ ನಮೂನೆ-1ರ ಪ್ರಮಾಣಪತ್ರವೂ ಬೇಕು, ಅದು ತಹಶೀಲ್ದಾರರಿಂದ.

ಕನ್ನಡ ಮಾಧ್ಯಮಕ್ಕೂ 1ರಿಂದ 10ರವರೆಗೆ ಎಂಬುದೇ ಲೆಕ್ಕ. ಬೀದರಿನ ಔರಾದ್, ಭಾಲ್ಕಿ ಕಡೆ ಮರಾಠಿ ಶಾಲೆ, ಎಲ್ಲ ಪಟ್ಟಣಗಳಲ್ಲೂ ಉರ್ದು ಶಾಲೆ ಇವೆ. ನಾಲ್ಕನೆಯವರೆಗೆ ಮರಾಠಿಯಲ್ಲಿ ಓದಿ ಆಮೇಲೆ ಕನ್ನಡಕ್ಕೆ ಬಂದವರು ಇದನ್ನು ಕೇಳುವಂತಿಲ್ಲ. ಗೊತ್ತಿಲ್ಲದೆ ಅರ್ಜಿಯಲ್ಲಿ ಟಿಕ್ ಮಾಡಿದರೆ ಮುಂದೆ ತೊಂದರೆ.

ಯೋಜನಾ ನಿರಾಶ್ರಿತರ ಮೀಸಲಾತಿಯನ್ನು ನಮ್ಮವರು ಬಳಸುವುದೇ ಕಡಿಮೆ. ಕಾರಂಜಾ, ಬೆಣ್ಣೆತೊರಾ, ಗಂಡೋರಿ ನಾಲಾ, ಅಮರ್ಜಾ, ನಾರಾಯಣಪುರ ಜಲಾಶಯ, ಹೀಗೆ ನಮ್ಮ ಮೂರು ಜಿಲ್ಲೆಗಳಲ್ಲಿ ನೀರಾವರಿಗೆ ಹೊಲ, ಮನೆ ಬಿಟ್ಟುಕೊಟ್ಟ ಮನೆತನಗಳು ಬಹಳ. ಅಜ್ಜನ ಕಾಲದ ಭೂಸ್ವಾಧೀನದ ಕಾಗದ ಟ್ರಂಕಿನಲ್ಲಿ ಇದ್ದೀತು, ತೆಗೆದು ನೋಡಿ. ನಿಯಮಕ್ಕೆ ಹೊಂದಿದರೆ ತಹಶೀಲ್ದಾರರಿಂದ ಪ್ರಮಾಣಪತ್ರ ಪಡೆಯಬಹುದು. ಮುಳುಗಿದ ಹೊಲಕ್ಕೆ ಪ್ರತಿಯಾಗಿ ಸರ್ಕಾರ ಇಟ್ಟ ಜಾಗ ಅದು. ಅದನ್ನು ಯಾರೂ ಕೇಳದೆ ಬಿಡುವುದು ನ್ಯಾಯವಲ್ಲ.

ಹಂತ 5: ಕೇಂದ್ರ ಸರ್ಕಾರದ ಹುದ್ದೆಗಳಿಗೆ ಬೇರೆಯೇ ಕಾಗದ

ರೈಲ್ವೆ, ಬ್ಯಾಂಕ್, ಅಂಚೆ, ಎಸ್‌ಎಸ್‌ಸಿ, ಯುಪಿಎಸ್‌ಸಿಗೆ ನಮೂನೆ-ಎಫ್ ನಡೆಯುವುದಿಲ್ಲ. ಕೇಂದ್ರದ ಒಬಿಸಿ (ಇತರೆ ಹಿಂದುಳಿದ ವರ್ಗಗಳ) ಪಟ್ಟಿ ಬೇರೆ, ನಮೂನೆ ಬೇರೆ. 371ಜೆ ಕೂಡ ಅಲ್ಲಿ ಲೆಕ್ಕಕ್ಕಿಲ್ಲ. 2025ರಲ್ಲಿ ಉತ್ತರ ಪ್ರದೇಶದ ಪೊಲೀಸ್ ನೇಮಕಾತಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೇಳಿದ ನಮೂನೆಯೇ ಬೇಕು ಎಂಬುದನ್ನು ಸ್ಪಷ್ಟ ಮಾಡಿದೆ. ರಾಜ್ಯದ ನಮೂನೆ ಕೇಳಿದ್ದಲ್ಲಿ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಕೊಟ್ಟ ಅಭ್ಯರ್ಥಿಗೆ ಮೀಸಲಾತಿ ಸಿಗಲಿಲ್ಲ. ಜಾತಿ ನಿಜ, ಕಾಗದ ನಿಜ, ನಮೂನೆ ಮಾತ್ರ ಬೇರೆ.

ಪ್ರವರ್ಗ-1ರವರು ಇಲ್ಲಿ ಮೈಮರೆಯುತ್ತಾರೆ. ರಾಜ್ಯದಲ್ಲಿ ಅವರಿಗೆ ಆದಾಯದ ಮಿತಿ ಇಲ್ಲ. ಕೇಂದ್ರದಲ್ಲಿ ಅವರೂ ಒಬಿಸಿ, ಮೇಲ್‌ಸ್ತರಕ್ಕೆ ಸೇರಿಲ್ಲ ಎಂದು ತೋರಿಸಲೇಬೇಕು. ಮಿತಿ 8 ಲಕ್ಷ, ಸತತ 3 ವರ್ಷ ಅದನ್ನು ಮೀರಿದರೆ ಮೇಲ್‌ಸ್ತರ. ಈ ಲೆಕ್ಕದಲ್ಲಿ ಸಂಬಳ ಮತ್ತು ಹೊಲದ ಆದಾಯ ಸೇರುವುದಿಲ್ಲ, ನೋಡುವುದು ಅಪ್ಪ-ಅಮ್ಮನ ಸ್ಥಿತಿಯನ್ನು. ನಮ್ಮ ಕಡೆ ತೊಗರಿ ಬೆಳೆದು ಒಂದು ವರ್ಷ ಒಳ್ಳೆ ದುಡ್ಡು ಬಂತು ಎಂದು ಒಬಿಸಿ ಕೈಬಿಟ್ಟವರಿಗೆ ಇದು ತಿಳಿಯಬೇಕು.

ಇಡೀ ವೀರಶೈವ ಲಿಂಗಾಯತ ಸಮುದಾಯ ಕೇಂದ್ರದ ಒಬಿಸಿ ಪಟ್ಟಿಯಲ್ಲಿಲ್ಲ. ರಾಜ್ಯದಲ್ಲಿ 3ಬಿ ಇದ್ದವರೆಲ್ಲ ಕೇಂದ್ರದಲ್ಲಿ ಒಬಿಸಿ ಆಗುವುದಿಲ್ಲ. ನಿಮ್ಮ ಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ದಾರಿ ನೋಡಿ. ಅದಕ್ಕೆ ಕುಟುಂಬದ ಒಟ್ಟು ಆದಾಯ 8 ಲಕ್ಷಕ್ಕಿಂತ ಕಡಿಮೆ ಇರಬೇಕು, ಕೃಷಿ ಜಮೀನು 5 ಎಕರೆಯ ಒಳಗಿರಬೇಕು, 1000 ಚದರ ಅಡಿ ಅಥವಾ ಅದಕ್ಕಿಂತ ದೊಡ್ಡ ಫ್ಲಾಟ್ ಇರಬಾರದು. ನಿವೇಶನಕ್ಕೂ ಮಿತಿ ಇದೆ: ಅಧಿಸೂಚಿತ ನಗರ ಪ್ರದೇಶದಲ್ಲಿ 100 ಚದರ ಗಜ, ಬೇರೆ ಕಡೆ 200. ಇಲ್ಲಿ ಹೊಲದ ಆದಾಯವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಭಾಗದಲ್ಲಿ ಒಣಭೂಮಿ 6-7 ಎಕರೆ ಇರುವ ಬಡವರು 5 ಎಕರೆಯ ಷರತ್ತಿನಲ್ಲೇ ಹೊರಗುಳಿಯುತ್ತಾರೆ. ಮಳೆ ನಂಬಿದ ಹೊಲವನ್ನೂ ಕಾಲುವೆ ನೀರಿನ ಹೊಲವನ್ನೂ ಒಂದೇ ಅಳತೆಯಲ್ಲಿ ಅಳೆಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ನಿಯಮ ಸದ್ಯಕ್ಕೆ ಹಾಗಿದೆ.

ಇಡಬ್ಲ್ಯೂಎಸ್ ಪ್ರಮಾಣಪತ್ರ ಹಿಂದಿನ ಹಣಕಾಸು ವರ್ಷದ ಆದಾಯದ ಮೇಲೆ ನಿಲ್ಲುತ್ತದೆ. ಅದಕ್ಕೇ ಏಪ್ರಿಲ್ ತಿಂಗಳು ಬಹಳ ಮುಖ್ಯ. ಪ್ರತಿ ವರ್ಷ ಏಪ್ರಿಲ್‌ನಲ್ಲೇ ಹೊಸದಕ್ಕೆ ಅರ್ಜಿ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಒಬಿಸಿ ಪ್ರಮಾಣಪತ್ರಕ್ಕೂ ಜಾಹೀರಾತಿನಲ್ಲಿ ಇಂಥ ದಿನದಿಂದ ಇಂಥ ದಿನದೊಳಗೆ ಪಡೆದಿರಬೇಕು ಎಂಬ ಷರತ್ತು ಇರುವುದು ಸಾಮಾನ್ಯ. ಕೇಂದ್ರದ ಪ್ರಮಾಣಪತ್ರಗಳನ್ನು ಇಂಗ್ಲಿಷ್‌ನಲ್ಲೇ ಪಡೆಯಿರಿ.

ಹಂತ 6: ಅಧಿಸೂಚನೆ ಬಂದ ದಿನ

ಹುದ್ದೆ ಎಷ್ಟು, ಸಂಬಳ ಎಷ್ಟು ಎಂದು ನೋಡುವ ಮುಂಚೆ ಮೀಸಲಾತಿಯ ಪುಟಗಳಿಗೆ ಹೋಗಿ. ಪ್ರತಿ ಪ್ರಮಾಣಪತ್ರದ ಮುಂದೆ ಯಾವ ದಿನಾಂಕದೊಳಗೆ ಪಡೆದಿರಬೇಕು ಎಂದು ಬರೆದಿರುತ್ತದೆ. ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಅದು ಅರ್ಜಿ ಸಲ್ಲಿಸುವ ಕೊನೆಯ ದಿನ. ಶುಲ್ಕ ಕಟ್ಟುವ ಕೊನೆಯ ದಿನ ಬೇರೆ ಇರಬಹುದು, ಎರಡನ್ನೂ ಬೆರೆಸಬೇಡಿ. ದಿನಾಂಕ ವಿಸ್ತರಣೆಯಾದರೆ ಪ್ರಮಾಣಪತ್ರದ ಗಡುವೂ ವಿಸ್ತರಣೆಯಾಗಿದೆಯೇ ಎಂದು ತಿದ್ದುಪಡಿ ಅಧಿಸೂಚನೆಯಲ್ಲಿ ಓದಿ ನೋಡಿ, ಊಹೆ ಮಾಡಬೇಡಿ.

ಹೈ.ಕ. ಹುದ್ದೆಗಳಿಗೆ ಒಂದು ಅಧಿಸೂಚನೆ, ಉಳಿಕೆ ಮೂಲ ವೃಂದಕ್ಕೆ (ರಾಜ್ಯದ ಉಳಿದ ಹುದ್ದೆಗಳಿಗೆ) ಇನ್ನೊಂದು ಬರುತ್ತದೆ. ಎರಡಕ್ಕೂ ಅರ್ಜಿ ಹಾಕಬಹುದೇ, ಸ್ಥಳೀಯ ಎಂದು ಯಾವ ಕಾಲಂನಲ್ಲಿ ಹೇಳಬೇಕು ಎಂಬುದನ್ನು ಆ ಅಧಿಸೂಚನೆಯಲ್ಲೇ ನೋಡಿ. ಹಿಂದಿನ ನೇಮಕಾತಿಯಲ್ಲಿ ಹೇಗಿತ್ತು ಎಂಬ ನೆನಪಿನ ಮೇಲೆ ಹೋಗಬೇಡಿ.

ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸುವವರು ಪಕ್ಕದಲ್ಲೇ ಕೂತು ಪರದೆ ನೋಡಿ. ಮೀಸಲಾತಿ ಕಾಲಂಗಳನ್ನು ನೀವೇ ಓದಿ ಹೇಳಿ. ಗ್ರಾಮೀಣಕ್ಕೆ "ಇಲ್ಲ" ಎಂದು ಬಿದ್ದರೆ ಆಮೇಲೆ ಪ್ರಮಾಣಪತ್ರ ತೋರಿಸಿ ಪ್ರಯೋಜನವಿಲ್ಲ. ಅರ್ಜಿಯಲ್ಲಿ ಕೇಳದ ಮೀಸಲಾತಿಯನ್ನು ಆಮೇಲೆ ಕೊಡುವುದಿಲ್ಲ. ಆರ್‌ಡಿ ಸಂಖ್ಯೆ, ಪ್ರಮಾಣಪತ್ರದ ದಿನಾಂಕ ಎರಡನ್ನೂ ಕಾಗದದ ಜೊತೆ ಇಟ್ಟು ತಾಳೆ ನೋಡಿ. ಅಪ್‌ಲೋಡ್ ಮಾಡಿದ ಪ್ರತಿ ಮಸುಕಾಗಿದ್ದರೆ ಮತ್ತೆ ಸ್ಕ್ಯಾನ್ ಮಾಡಿಸಿ. ಅರ್ಜಿಯ ಪ್ರತಿ ಮತ್ತು ಶುಲ್ಕದ ರಸೀದಿ ಪ್ರಿಂಟ್ ತೆಗೆದಿಡಿ.

ಮೀಸಲಾತಿ ತಿರಸ್ಕಾರವಾದರೆ ಸಾಮಾನ್ಯ ವರ್ಗದಲ್ಲಾದರೂ ಪರಿಗಣಿಸುತ್ತಾರೆ ಎಂಬ ಸಮಾಧಾನ ಎಲ್ಲರಿಗೂ ಅನ್ವಯಿಸದು. ಸರ್ಕಾರ ಕೊಡುವ ತಾತ್ಕಾಲಿಕ ಸಡಿಲಿಕೆ ಬಿಟ್ಟರೆ ರಾಜ್ಯದ ಹುದ್ದೆಗಳಿಗೆ ಸಾಮಾನ್ಯವಾಗಿ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, 2ಎಯಿಂದ 3ಬಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ-1ಕ್ಕೆ 40. ಸಡಿಲಿಕೆ ಇಲ್ಲದಾಗ 37 ವರ್ಷದ 2ಎ ಅಭ್ಯರ್ಥಿಯ ಪ್ರಮಾಣಪತ್ರ ಬಿದ್ದರೆ ಸಾಮಾನ್ಯ ವರ್ಗದಲ್ಲಿ ವಯಸ್ಸು ಮೀರಿರುತ್ತದೆ. ಆಗ ಅರ್ಜಿಯೇ ಹೋಗುತ್ತದೆ.

ತಡವಾಗಿ ಪಡೆದ ಪ್ರಮಾಣಪತ್ರವನ್ನು ಕೋರ್ಟು ಒಪ್ಪುತ್ತದೆ ಎಂದು ಧೈರ್ಯ ಹೇಳುವವರಿದ್ದಾರೆ. ಅವರ ಮಾತಿಗೆ ಆಧಾರ 2016ರ ಸುಪ್ರೀಂ ಕೋರ್ಟ್ ತೀರ್ಪು. ದೆಹಲಿಯ ನೇಮಕಾತಿಯೊಂದರಲ್ಲಿ ಕೊನೆಯ ದಿನದ ನಂತರ ಕೊಟ್ಟ ಒಬಿಸಿ ಪ್ರಮಾಣಪತ್ರವನ್ನು ಆಗ ಒಪ್ಪಿದ್ದು ನಿಜ. ಆದರೆ 2023ರಲ್ಲಿ ಅದೇ ಕೋರ್ಟು ಬೇರೆ ಮಾತು ಹೇಳಿತು. 2022ರ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿಯ ಕೊನೆಯ ದಿನ ಫೆಬ್ರವರಿ 22. ಆ ದಿನದೊಳಗೆ ಸರಿಯಾದ ವರ್ಷದ ಇಡಬ್ಲ್ಯೂಎಸ್ ಪ್ರಮಾಣಪತ್ರ ಇಲ್ಲದವರಿಗೆ, ಪರೀಕ್ಷೆಯ ಎಲ್ಲ ಹಂತ ದಾಟಿ ಬಂದಿದ್ದರೂ, ಆ ಮೀಸಲಾತಿ ಸಿಗಲಿಲ್ಲ. ಜಾತಿ ಹುಟ್ಟಿನಿಂದ ಬಂದದ್ದು, ಆದಾಯ ವರ್ಷ ವರ್ಷ ಬದಲಾಗುವಂಥದ್ದು. ಆದಾಯ ಸೇರಿದ ಯಾವ ಪ್ರಮಾಣಪತ್ರಕ್ಕೂ ಹಳೆಯ ತೀರ್ಪನ್ನು ನಂಬಿ ಕೂರಬೇಡಿ.

ಹಂತ 7: ದಾಖಲಾತಿ ಪರಿಶೀಲನೆ ಮತ್ತು ಸಿಂಧುತ್ವ

ಪರಿಶೀಲನೆಗೆ ಹೋಗುವಾಗ ಮೂಲ ಪ್ರತಿಗಳ ಜೊತೆ ಎರಡು ಸೆಟ್ ಜೆರಾಕ್ಸ್ ಇರಲಿ. ಕಾಗದಗಳನ್ನು ಅರ್ಜಿಯಲ್ಲಿ ಕೇಳಿದ ಕ್ರಮದಲ್ಲೇ ಜೋಡಿಸಿ. ಕೊರತೆ ಹೇಳಿ ಸಮಯ ಕೊಟ್ಟರೆ ಅದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಆಯ್ಕೆಯಾದ ಮೇಲೆ ಬರುವುದು ಸಿಂಧುತ್ವ ಪ್ರಮಾಣಪತ್ರ. ನೇಮಕಾತಿ ಪ್ರಾಧಿಕಾರ ನಿಮ್ಮ ಜಾತಿ ಪ್ರಮಾಣಪತ್ರವನ್ನು ಜಿಲ್ಲಾ ಪರಿಶೀಲನಾ ಸಮಿತಿಗೆ ಕಳಿಸುತ್ತದೆ. ಅಲ್ಲಿಂದ ನಿಜ ಎಂದು ಬಂದ ಮೇಲೆಯೇ ನೇಮಕಾತಿ ಗಟ್ಟಿ. ಸಮಿತಿ ಕೇಳುವುದು ಹಳೆಯ ದಾಖಲೆ. ಅಪ್ಪನ, ಅಜ್ಜನ ಶಾಲಾ ಪ್ರವೇಶ ದಾಖಲೆಯ ನಕಲು, ಒಡಹುಟ್ಟಿದವರ ಜಾತಿ ದಾಖಲೆ, ಮನೆತನದಲ್ಲಿ ಯಾರಿಗಾದರೂ ಮೊದಲೇ ಸಿಂಧುತ್ವ ಸಿಕ್ಕಿದ್ದರೆ ಅದು. ಈ ಭಾಗ ನಿಜಾಮರ ಆಳ್ವಿಕೆಯಲ್ಲಿ ಇದ್ದದ್ದರಿಂದ ಅಜ್ಜನ ಕಾಲದ ಶಾಲಾ ರಿಜಿಸ್ಟರ್, ಜಮೀನಿನ ಕಾಗದ ಉರ್ದುವಿನಲ್ಲಿ ಇರುತ್ತವೆ. ಓದಲು ಬರುವುದಿಲ್ಲ ಎಂದು ಮೂಲೆಗಿಡಬೇಡಿ. ಜಾತಿ ಬರೆದಿರುವ ಹಳೆಯ ಉರ್ದು ದಾಖಲೆ ಇವತ್ತಿನ ಹತ್ತು ಕಾಗದಕ್ಕಿಂತ ಗಟ್ಟಿ. ಪ್ರಮಾಣೀಕರಿಸಿದ ಅನುವಾದ ಮಾಡಿಸಿ ಜೊತೆಗಿಡಿ. ಶಾಲೆಯ ಹಳೆಯ ರಿಜಿಸ್ಟರು ಹರಿದು, ಒದ್ದೆಯಾಗಿ ಹಾಳಾಗುವ ಮುಂಚೆ ಈಗಲೇ ಮುಖ್ಯ ಶಿಕ್ಷಕರಿಂದ ದೃಢೀಕೃತ ನಕಲು ತಗೊಳ್ಳುವುದು ಜಾಣತನ.

ಸುಳ್ಳು ಪ್ರಮಾಣಪತ್ರದ ದಾರಿ ತೋರಿಸುವ ದಲ್ಲಾಳಿಗಳು ಕಚೇರಿಗಳ ಸುತ್ತ ಇದ್ದೇ ಇರುತ್ತಾರೆ. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇಂಥದ್ದನ್ನೇ ತನಿಖೆ ಮಾಡುತ್ತದೆ. ನೌಕರಿ ಹತ್ತಿ ವರ್ಷಗಳಾದ ಮೇಲೂ ಕೆಲಸ ಹೋಗುತ್ತದೆ, ಕೇಸೂ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಜವಾದ ಹಕ್ಕುದಾರರ ಮನೆಯ ಒಂದು ನೌಕರಿ ಕದ್ದ ಹಾಗಾಗುತ್ತದೆ.

ಹಂತ 8: ಅರ್ಜಿ ತಿರಸ್ಕಾರವಾದರೆ

ತಹಶೀಲ್ದಾರರು ಜಾತಿ ಪ್ರಮಾಣಪತ್ರ ನಿರಾಕರಿಸಿದರೆ ಆದೇಶದ ಪ್ರತಿ ಕೇಳಿ. ಬಾಯಿ ಮಾತಿನ ನಿರಾಕರಣೆಗೆ ಬೆಲೆ ಇಲ್ಲ. ಆ ಆದೇಶದ ಮೇಲೆ 30 ದಿನದೊಳಗೆ ಸಹಾಯಕ ಆಯುಕ್ತರಿಗೆ ಮೇಲ್ಮನವಿ ಹಾಕಬಹುದು.

ನೇಮಕಾತಿಯಲ್ಲಿ ಮೀಸಲಾತಿ ಬಿದ್ದರೆ ಅದು ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಗೊತ್ತಾಗುತ್ತದೆ. ಆಕ್ಷೇಪಣೆ ಹಾಕಲು ಕೊಡುವ ದಿನಗಳು ಕಡಿಮೆ, ಪಟ್ಟಿ ಬಂದ ದಿನವೇ ನಿಮ್ಮ ಹೆಸರಿನ ಮುಂದಿನ ಪ್ರವರ್ಗ ನೋಡಿ. ಆಕ್ಷೇಪಣೆಯ ಜೊತೆ ಅರ್ಜಿಯ ಪ್ರತಿ, ಪ್ರಮಾಣಪತ್ರ, ಅದಕ್ಕೆ ಸಂಬಂಧಿಸಿದ ಅಧಿಸೂಚನೆಯ ಸಾಲು ಮೂರನ್ನೂ ಇಡಿ. ಅಂತಿಮ ಪಟ್ಟಿಯಲ್ಲೂ ಸರಿಯಾಗದಿದ್ದರೆ ರಾಜ್ಯದ ಹುದ್ದೆಗಳ ವ್ಯಾಜ್ಯ ಹೋಗುವುದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. ಅದರ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ. ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನಾಗಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಅಲ್ಲಿ ಒಂದು ಅರ್ಜಿ ಬರೆದುಕೊಟ್ಟರೆ ವಕೀಲರನ್ನು ನೇಮಿಸಿಕೊಡುತ್ತಾರೆ.